ಓದಿನ ಹೆಸರಲ್ಲಿ ಮನೆಗೆ ಬಂದ ಆಟದ ಕಂಪ್ಯೂಟರ್

ಹದಿಹರೆಯದ ಮಕ್ಕಳಿಗಾಗಿ ಕಡಿಮೆ ಬೆಲೆಯ ಕಂಪ್ಯೂಟರ್ ಕೊಳ್ಳುವ ರೂಢಿ ಬ್ರಿಟನ್ನಿನಲ್ಲಿ 1980ರ ಸುಮಾರಿಗೆ ಶುರುವಾಯಿತು. ಕೊಳ್ಳುವವರು ತಂದೆತಾಯಿ, ಬಳಸುವವರು ಮಕ್ಕಳು. ಕೊಳ್ಳುವಾಗ ಹೇಳುವ ಕಾರಣ ಓದು, ಮನೆಗೆ ಬಂದ ಮೇಲೆ ನಡೆಯುವುದು ಆಟ. ಈ ಏರ್ಪಾಡು ಅಂದಿನಿಂದ ಇಂದಿನವರೆಗೆ ಹೆಚ್ಚು ಬದಲಾಗಿಲ್ಲ. ಬದಲಾಗದ ಇನ್ನೊಂದು ಸಂಗತಿಯೂ ಇದೆ. ಬೆಲೆ ಇಳಿಸಬೇಕಾದಾಗಲೆಲ್ಲ ತಯಾರಕರು ಯಂತ್ರದಲ್ಲಿ ಏನನ್ನಾದರೂ ಕೈಬಿಡುತ್ತಾರೆ, ಅದರ ಪರಿಣಾಮ ಕೊಂಡವರಿಗೆ ಗೊತ್ತಾಗುವುದು ವರ್ಷವೋ ಎರಡು ವರ್ಷವೋ ಕಳೆದು ಹೊಸ ಆಟಗಳು ಬಂದಾಗ. ಅಗ್ಗದ ಗೇಮಿಂಗ್ ಕಂಪ್ಯೂಟರಿನ ಚರಿತ್ರೆ ಬಹುಮಟ್ಟಿಗೆ ಹೀಗೆ ಕೈಬಿಟ್ಟ ವಸ್ತುಗಳ ಚರಿತ್ರೆ.

ಕೇಂಬ್ರಿಜ್‌ನ ಕ್ಲೈವ್ ಸಿಂಕ್ಲೇರ್ 1980ರಲ್ಲಿ ಝಡ್‌ಎಕ್ಸ್80 ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದರು. ಬಿಡಿಭಾಗಗಳ ಕಿಟ್ ಆಗಿ ಕೊಂಡು ಮನೆಯಲ್ಲೇ ಬೆಸುಗೆ ಹಾಕಿಕೊಂಡರೆ 79.95 ಪೌಂಡ್, ಜೋಡಿಸಿದ್ದನ್ನೇ ಕೊಂಡರೆ 99.95 ಪೌಂಡ್. ನೂರು ಪೌಂಡಿನೊಳಗೆ ಕಂಪ್ಯೂಟರ್ ಸಿಗುತ್ತದೆ ಎಂಬುದೇ ಆಗ ದೊಡ್ಡ ಸುದ್ದಿ. ಅದರಲ್ಲಿದ್ದ ಮೆಮೊರಿ 1 ಕಿಲೋಬೈಟ್ (ಕೆ) ಮಾತ್ರ. ಚಿತ್ರ ಮೂಡಿಸಲು ಬೇರೆ ಚಿಪ್ ಇರಲಿಲ್ಲ, ಪ್ರೊಸೆಸರೇ ಆ ಕೆಲಸವನ್ನೂ ಮಾಡಬೇಕಿತ್ತು. ಹೀಗಾಗಿ ಕೀಲಿ ಒತ್ತಿದಾಗಲೆಲ್ಲ ಪರದೆ ಒಂದು ಕ್ಷಣ ಖಾಲಿಯಾಗುತ್ತಿತ್ತು. ಇಂಥ ಪರದೆಯ ಮೇಲೆ ಓಡುವ, ಹಾರುವ ಆಟ ಆಡುವುದು ಕಷ್ಟವೇ. ಮರುವರ್ಷ ಬಂದ ಝಡ್‌ಎಕ್ಸ್81 ಈ ತೊಂದರೆಯನ್ನು ನಿವಾರಿಸಿತು, ಬೆಲೆಯನ್ನು ಇನ್ನೂ ಇಳಿಸಿತು: ಕಿಟ್‌ಗೆ 49.95 ಪೌಂಡ್, ಜೋಡಿಸಿದ್ದಕ್ಕೆ 69.95. ಇದಕ್ಕೆ ಬಣ್ಣ ಇರಲಿಲ್ಲ, ಸದ್ದೂ ಇರಲಿಲ್ಲ. ಹೆಚ್ಚಿನ ಮೆಮೊರಿ ಬೇಕಾದವರು 16 ಕೆಯ ಪೆಟ್ಟಿಗೆಯೊಂದನ್ನು ಬೇರೆಯಾಗಿ ಕೊಂಡು ಹಿಂಬದಿಗೆ ಸಿಕ್ಕಿಸಬೇಕಿತ್ತು. ಅದು ಗಟ್ಟಿಯಾಗಿ ಕೂರುತ್ತಿರಲಿಲ್ಲ. ಮೇಜಿಗೆ ಕೈ ತಗುಲಿ ಪೆಟ್ಟಿಗೆ ಅಲುಗಿದರೆ ಅಷ್ಟು ಹೊತ್ತು ಟೈಪ್ ಮಾಡಿದ್ದೆಲ್ಲ ಅಳಿಸಿಹೋಗುತ್ತಿತ್ತು. ಆದರೂ ಡಬ್ಲ್ಯೂ.ಎಚ್. ಸ್ಮಿತ್ ಎಂಬ ಪುಸ್ತಕ-ಪತ್ರಿಕೆಗಳ ಅಂಗಡಿ ಸರಪಳಿಯಲ್ಲಿ ಈ ಯಂತ್ರ ಚೆನ್ನಾಗಿ ಮಾರಾಟವಾಯಿತು. ನೋಟ್‌ಬುಕ್, ಪೆನ್ಸಿಲ್ ಕೊಳ್ಳಲು ಹೋಗುವ ಅಂಗಡಿಯಲ್ಲಿ ಕಂಪ್ಯೂಟರ್ ಇದ್ದರೆ ಅದೂ ಓದಿನ ಸಾಮಾನಿನ ಹಾಗೆ ಕಾಣುವುದು ಸಹಜ.

ಓದಿನ ಮಾತಿಗೆ ಅಧಿಕೃತ ಮುದ್ರೆ ಒತ್ತಿದ್ದು ಬಿಬಿಸಿ. ಜನರಿಗೆ ಕಂಪ್ಯೂಟರ್ ಪರಿಚಯಿಸುವ ಟಿವಿ ಸರಣಿಯೊಂದನ್ನು ಅದು 1982ರ ಜನವರಿಯಲ್ಲಿ ಪ್ರಸಾರ ಮಾಡಿತು, ಅದರ ಜೊತೆಗೆ ತನ್ನದೇ ಹೆಸರಿನ ಯಂತ್ರವೊಂದನ್ನು ಏಕಾರ್ನ್ ಕಂಪನಿಯಿಂದ ಮಾಡಿಸಿತು. ಶಾಲೆಗಳು ಇಂಥ ಯಂತ್ರ ಕೊಂಡರೆ ಅರ್ಧ ಬೆಲೆಯನ್ನು ಸರ್ಕಾರ ಭರಿಸುವ ಯೋಜನೆಯೂ ಬಂತು. ಬಿಬಿಸಿ ಮೈಕ್ರೋ ಗಟ್ಟಿಮುಟ್ಟಾದ ಯಂತ್ರ: ನಿಜವಾದ ಕೀಬೋರ್ಡ್, ವೇಗದ ಬೇಸಿಕ್ ಭಾಷೆ, ಪ್ರಯೋಗಾಲಯದ ಉಪಕರಣ ಜೋಡಿಸಲು ಬೇಕಾದ ಕಿಂಡಿಗಳು. ಬೆಲೆಯೂ ಹಾಗೆಯೇ ಇತ್ತು, ಬಿ ಮಾದರಿ ಬೇಗನೆ 399 ಪೌಂಡಿಗೆ ಏರಿತು. ಸಾಮಾನ್ಯ ಕುಟುಂಬಕ್ಕೆ ಅದು ಎಟುಕುವ ಮೊತ್ತವಲ್ಲ. ಶಾಲೆಯಲ್ಲಿ ಕಂಪ್ಯೂಟರ್ ಕಂಡು ಬಂದ ಮಕ್ಕಳು ಮನೆಯಲ್ಲೂ ಬೇಕೆಂದು ಹಟ ಹಿಡಿದಾಗ, ಆ ಹಟಕ್ಕೆ ಹೊಂದುವ ಬೆಲೆಯಲ್ಲಿ ಸಿಂಕ್ಲೇರ್ ಕಂಪನಿಯ ಮುಂದಿನ ಯಂತ್ರ ಸಿದ್ಧವಾಗಿತ್ತು.

1982ರ ಏಪ್ರಿಲ್ 23ರಂದು ಝಡ್‌ಎಕ್ಸ್ ಸ್ಪೆಕ್ಟ್ರಂ ಬಿಡುಗಡೆಯಾಯಿತು. 16 ಕೆ ಮಾದರಿಗೆ 125 ಪೌಂಡ್, 48 ಕೆ ಮಾದರಿಗೆ 175 ಪೌಂಡ್. ಎರಡನೆಯದು ಆಗಿನ ವಿನಿಮಯ ದರದಲ್ಲಿ ಸುಮಾರು ಮೂರು ಸಾವಿರ ರೂಪಾಯಿ. ಮಾನಿಟರ್ ಬೇಕಿರಲಿಲ್ಲ, ಮನೆಯ ಟಿವಿಯೇ ಸಾಕು. ಡಿಸ್ಕ್ ಬೇಕಿರಲಿಲ್ಲ, ಹಾಡು ಕೇಳುವ ಟೇಪ್ ರೆಕಾರ್ಡರಿನಲ್ಲಿ ಕ್ಯಾಸೆಟ್ ಹಾಕಿ ಕೆಲವು ನಿಮಿಷ ಕಾದರೆ ಆಟ ಒಳಗೆ ಬರುತ್ತಿತ್ತು. ಕೀಲಿಗಳು ರಬ್ಬರಿನವು. ಜಾಯ್‌ಸ್ಟಿಕ್‌ಗೆ ಕಿಂಡಿ ಇರಲಿಲ್ಲ. ಬಣ್ಣ ಇತ್ತು, ಆದರೆ ಅದರಲ್ಲೂ ಒಂದು ಜಿಪುಣತನ. ಪರದೆಯನ್ನು ಅಡ್ಡಕ್ಕೆ 32, ಉದ್ದಕ್ಕೆ 24 ಮನೆಗಳಾಗಿ ಭಾಗಿಸಿ, ಒಂದೊಂದು ಮನೆಯಲ್ಲಿ ಎರಡೇ ಬಣ್ಣ ಇರುವಂತೆ ಮಾಡಿದ್ದರು. ಪ್ರತಿ ಚುಕ್ಕೆಗೂ ಬೇರೆ ಬಣ್ಣ ಕೊಟ್ಟರೆ ಮೆಮೊರಿ ಸಾಲುತ್ತಿರಲಿಲ್ಲ. ಹಳದಿ ಅಂಗಿಯ ನಾಯಕ ಹಸಿರು ಮರದ ಮುಂದೆ ಹಾದುಹೋದರೆ ಮರದ ಒಂದು ಚೌಕವೇ ಹಳದಿಯಾಗುತ್ತಿತ್ತು, ಇಲ್ಲವೇ ನಾಯಕ ಹಸಿರಾಗುತ್ತಿದ್ದ. ಆ ಕಾಲದ ಆಟಗಾರರಿಗೆ ಸ್ಪೆಕ್ಟ್ರಂ ಆಟವನ್ನು ಗುರುತಿಸಲು ಈ ಬಣ್ಣಗೆಡುವಿಕೆ ಒಂದೇ ಸಾಕಿತ್ತು.

ಎರಡು ಮಾದರಿಗಳ ನಡುವೆ 50 ಪೌಂಡ್ ವ್ಯತ್ಯಾಸ. ಅಂಗಡಿಯಲ್ಲಿ ನಿಂತ ತಂದೆಗೆ ಎರಡೂ ಒಂದೇ ಯಂತ್ರದಂತೆ ಕಾಣುತ್ತಿದ್ದವು. ಕವಚ, ಕೀಲಿ, ಪ್ರೊಸೆಸರ್ ಎಲ್ಲವೂ ಒಂದೇ. ಆದರೆ ಪರದೆಯ ಚಿತ್ರವೊಂದಕ್ಕೇ ಸುಮಾರು 7 ಕೆ ಮೆಮೊರಿ ಮೀಸಲಾಗುತ್ತಿತ್ತು. 16ರಲ್ಲಿ 7 ಹೋದರೆ ಆಟಕ್ಕೆ ಉಳಿಯುವುದು 9, 48ರಲ್ಲಿ 7 ಹೋದರೆ 41. ಅಂದರೆ 50 ಪೌಂಡ್ ಹೆಚ್ಚು ಕೊಟ್ಟವರಿಗೆ ಸಿಕ್ಕ ಜಾಗ ಮೂರು ಪಟ್ಟಲ್ಲ, ನಾಲ್ಕೂವರೆ ಪಟ್ಟು. ಮೊದಲ ವರ್ಷ ಇದು ಯಾರಿಗೂ ಅಷ್ಟಾಗಿ ತಟ್ಟಲಿಲ್ಲ, ಆಟಗಳು ಚಿಕ್ಕವಾಗಿದ್ದವು. ಮ್ಯಾಥ್ಯೂ ಸ್ಮಿತ್ ಎಂಬ ಹದಿಹರೆಯದ ಹುಡುಗ 1983ರಲ್ಲಿ ಬರೆದ ಮ್ಯಾನಿಕ್ ಮೈನರ್ 48 ಕೆ ಕೇಳಿತು, ಆಮೇಲಿನ ಹೆಸರಾಂತ ಆಟಗಳೂ ಅಷ್ಟನ್ನೇ ಕೇಳಿದವು. ಅದೇ ವರ್ಷ ಕಂಪನಿ 48 ಕೆ ಮಾದರಿಯ ಬೆಲೆಯನ್ನು 129.95 ಪೌಂಡಿಗೆ ಇಳಿಸಿತು. ಒಂದೇ ವರ್ಷ ಮೊದಲು 125 ಪೌಂಡ್ ಕೊಟ್ಟು ಚಿಕ್ಕ ಮಾದರಿ ಕೊಂಡಿದ್ದವರಿಗೆ ಇದರಿಂದ ಎಷ್ಟು ಸಮಾಧಾನವಾಗಿರಬಹುದು ಎಂದು ಊಹಿಸಬಹುದು.

ಹೀಗೆ ಓದಿಗೆಂದು ಬಂದ ಯಂತ್ರ ಪೂರ್ತಿ ಆಟದ ಪಾಲಾಯಿತೇ ಎಂದರೆ, ಹಾಗೂ ಹೇಳಲಾಗದು. ಯಂತ್ರವನ್ನು ಚಾಲೂ ಮಾಡಿದ ಕೂಡಲೇ ಎದುರಿಗೆ ನಿಲ್ಲುತ್ತಿದ್ದುದು ಬೇಸಿಕ್ ಭಾಷೆಯ ಖಾಲಿ ಪರದೆ. ಪತ್ರಿಕೆಗಳು ಆಟಗಳ ಪ್ರೋಗ್ರಾಂಗಳನ್ನು ಪುಟಗಟ್ಟಲೆ ಅಚ್ಚು ಹಾಕುತ್ತಿದ್ದವು. ಮಕ್ಕಳು ಅದನ್ನು ಸಾಲು ಸಾಲಾಗಿ ಟೈಪ್ ಮಾಡಿ, ಎಲ್ಲೋ ಒಂದು ಅಲ್ಪವಿರಾಮ ತಪ್ಪಿದ್ದನ್ನು ಹುಡುಕಿ ಸರಿಪಡಿಸಿ ಆಡುತ್ತಿದ್ದರು. ಆಡುವ ಆಸೆಯೇ ಪ್ರೋಗ್ರಾಮಿಂಗ್ ಕಲಿಸಿತು, ಬ್ರಿಟನ್ನಿನ ಆಟದ ಉದ್ಯಮ ಹುಟ್ಟಿದ್ದು ಇಂಥ ಮಲಗುವ ಕೋಣೆಗಳಲ್ಲಿ. ಇತ್ತ ಶಾಲೆಯ ಯಂತ್ರವೂ ಆಟದಿಂದ ತಪ್ಪಿಸಿಕೊಳ್ಳಲಿಲ್ಲ. ಕೇಂಬ್ರಿಜ್‌ನ ವಿದ್ಯಾರ್ಥಿಗಳಾಗಿದ್ದ ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ ಬರೆದು 1984ರಲ್ಲಿ ಬಂದ ಎಲೀಟ್, ಎಂಟು ಗ್ಯಾಲಕ್ಸಿಗಳನ್ನೂ ಒಂದೊಂದರಲ್ಲಿ 256 ಗ್ರಹಗಳನ್ನೂ ಲೆಕ್ಕಾಚಾರದಿಂದಲೇ ಸೃಷ್ಟಿಸುತ್ತಿತ್ತು. ಆ ಕಾಲದ ಅತ್ಯಂತ ಮಹತ್ವಾಕಾಂಕ್ಷೆಯ ಆಟಗಳಲ್ಲೊಂದು ಮೊದಲು ಬಂದದ್ದು ಶಿಕ್ಷಣಕ್ಕೆಂದೇ ಮಾಡಿಸಿದ ಬಿಬಿಸಿ ಮೈಕ್ರೋ ಮೇಲೆ.

ಅಮೆರಿಕದಲ್ಲಿ ಇದೇ ಕಥೆ ಬೆಲೆ ಸಮರದ ರೂಪದಲ್ಲಿ ನಡೆಯಿತು. ಜ್ಯಾಕ್ ಟ್ರಮಿಯಲ್ ನಡೆಸುತ್ತಿದ್ದ ಕಮೋಡೋರ್ ಕಂಪನಿ ಚಿಪ್ ತಯಾರಿಸುವ ಕಾರ್ಖಾನೆಯನ್ನೇ ಕೊಂಡುಕೊಂಡಿತ್ತು, ಬೇರೆಯವರಿಗೆ ಸಾಧ್ಯವಾಗದ ಬೆಲೆ ಅದಕ್ಕೆ ಸಾಧ್ಯವಾಯಿತು. 1982ರಲ್ಲಿ 595 ಡಾಲರಿಗೆ ಬಂದ ಕಮೋಡೋರ್ 64 ಮರುವರ್ಷವೇ ಸುಮಾರು 200 ಡಾಲರಿಗೆ ಇಳಿಯಿತು. ಬರೀ ವಿಡಿಯೋ ಗೇಮ್ ಯಂತ್ರ ಕೊಳ್ಳುವುದೇಕೆ, ಅದೇ ದುಡ್ಡಿಗೆ ಮಕ್ಕಳು ಕಲಿಯುವ ಕಂಪ್ಯೂಟರೇ ಬರುವಾಗ ಎಂಬ ಧಾಟಿಯ ಜಾಹೀರಾತುಗಳು ತಂದೆತಾಯಿಯರನ್ನು ಗುರಿಯಾಗಿಸಿದ್ದವು. ಈ ಪೈಪೋಟಿಯಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ತನ್ನ ಯಂತ್ರವನ್ನು 99 ಡಾಲರಿಗೆ ಮಾರಿ, ನಷ್ಟ ತಾಳಲಾರದೆ 1983ರ ಅಕ್ಟೋಬರಿನಲ್ಲಿ ಆ ವ್ಯಾಪಾರವನ್ನೇ ಬಿಟ್ಟಿತು. ಅದನ್ನು ಕೊಂಡವರ ಮನೆಯಲ್ಲಿ ಉಳಿದದ್ದು ಹೊಸ ಆಟಗಳೇ ಬಾರದ ಯಂತ್ರ.

ಸಿಂಕ್ಲೇರ್ ಕಂಪನಿಯ ಕಂಪ್ಯೂಟರ್ ವ್ಯಾಪಾರವನ್ನು 1986ರಲ್ಲಿ ಆಮ್‌ಸ್ಟ್ರಾಡ್‌ನ ಅಲನ್ ಶುಗರ್ 50 ಲಕ್ಷ ಪೌಂಡಿಗೆ ಕೊಂಡರು. ಅವರು ಮಾಡಿದ ಮೊದಲ ಬದಲಾವಣೆ ನೋಡಿ: ಟೇಪ್ ರೆಕಾರ್ಡರನ್ನು ಯಂತ್ರದೊಳಗೇ ಕೂರಿಸಿದರು, ಜಾಯ್‌ಸ್ಟಿಕ್‌ಗೆ ಎರಡು ಕಿಂಡಿ ಕೊಟ್ಟರು. ಓದಿನ ಮುಸುಕನ್ನು ವ್ಯಾಪಾರಿಯೇ ಸರಿಸಿದ್ದು ಬಹುಶಃ ಇಲ್ಲಿಯೇ ಮೊದಲು.

ಭಾರತಕ್ಕೆ ಈ ಯಂತ್ರಗಳು ಬಂದದ್ದೂ ಶಾಲೆಯ ದಾರಿಯಲ್ಲೇ. 1984ರಲ್ಲಿ ಕೇಂದ್ರ ಸರ್ಕಾರ 'ಕ್ಲಾಸ್' ಎಂಬ ಹೆಸರಿನಲ್ಲಿ ಶಾಲಾ ಕಂಪ್ಯೂಟರ್ ಯೋಜನೆ ಆರಂಭಿಸಿ, ದೇಶದ ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೋಗಳನ್ನು ಕೊಟ್ಟಿತು. ಅದೇ ವರ್ಷದ ನವೆಂಬರಿನಲ್ಲಿ ಬಂದ ಹೊಸ ಕಂಪ್ಯೂಟರ್ ನೀತಿ ಆಮದಿನ ಕಟ್ಟುಗಳನ್ನು ಸಡಿಲಿಸಿತು. ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಎಂಬ ಸಂಸ್ಥೆ ಪರವಾನಗಿ ಪಡೆದು ಸ್ಪೆಕ್ಟ್ರಂ ಪ್ಲಸ್ ಯಂತ್ರವನ್ನು ಇಲ್ಲಿ ಮಾರಿತು. ಆದರೂ ಬ್ರಿಟನ್ನಿನಲ್ಲಿ ಆದಂತೆ ಇಲ್ಲಿ ಅದು ಮನೆಮನೆಯ ವಸ್ತುವಾಗಲಿಲ್ಲ. ನಮ್ಮ ಮಧ್ಯಮ ವರ್ಗದ ಮಕ್ಕಳಿಗೆ ಆಗ ಸಿಕ್ಕದ್ದು ಟಿವಿಗೆ ಸಿಕ್ಕಿಸುವ ವಿಡಿಯೋ ಗೇಮ್ ಪೆಟ್ಟಿಗೆ, ಅದರ ಬಣ್ಣಬಣ್ಣದ ಕಾರ್ಟ್ರಿಜ್. ಮನೆಗೆ ಕಂಪ್ಯೂಟರ್ ಬರಲು 1990ರ ದಶಕದ ಕೊನೆಯವರೆಗೆ ಕಾಯಬೇಕಾಯಿತು, ಬಂದದ್ದು ಬೇರೆಯೇ ಬಗೆಯ ಯಂತ್ರ.

ಐಬಿಎಂ ಕಂಪನಿ 1981ರಲ್ಲಿ ಹೊರತಂದ ಪಿಸಿಯನ್ನು ಬೇರೆ ಬೇರೆ ಕಂಪನಿಗಳ ಬಿಡಿಭಾಗಗಳಿಂದ ಕಟ್ಟಿದ್ದರು, ಹಾಗಾಗಿ ಬೇರೆ ಕಂಪನಿಗಳೂ ಅದನ್ನು ನಕಲು ಮಾಡಬಹುದಿತ್ತು. ಅದು ಕಚೇರಿಯ ಯಂತ್ರ, ಆಟಕ್ಕೆ ಒಗ್ಗದ್ದು ಎಂಬ ಅಭಿಪ್ರಾಯ ಬಹುಕಾಲ ಇತ್ತು. 1993ರ ಡಿಸೆಂಬರಿನಲ್ಲಿ ಬಂದ ಡೂಮ್ ಆಟ ಆ ಅಭಿಪ್ರಾಯವನ್ನು ಅಳಿಸಿಹಾಕಿತು. 1996ರಲ್ಲಿ 3ಡಿಎಫ್‌ಎಕ್ಸ್ ಕಂಪನಿಯ ವೂಡೂ ಕಾರ್ಡ್ ಬಂದ ಮೇಲಂತೂ ಆಟದ ಕಂಪ್ಯೂಟರ್ ಎಂದರೆ ಗ್ರಾಫಿಕ್ಸ್ ಕಾರ್ಡ್ ಇರುವ ಪಿಸಿ ಎಂದಾಯಿತು. ಇಲ್ಲಿಂದ ಮುಂದೆ ಏನನ್ನು ಕೈಬಿಡಬೇಕು ಎಂಬ ತೀರ್ಮಾನದಲ್ಲಿ ಕಾರ್ಖಾನೆಯ ಜೊತೆ ಅಂಗಡಿಯವನೂ ಗಿರಾಕಿಯೂ ಪಾಲುದಾರರಾದರು.

ದೆಹಲಿಯ ನೆಹರೂ ಪ್ಲೇಸ್, ಮುಂಬೈನ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್‌ಗಳಂತೆ ಬೆಂಗಳೂರಿನಲ್ಲಿ ಈ ವ್ಯಾಪಾರ ನೆಲೆಸಿದ್ದು ಸಾದರ ಪತ್ರಪ್ಪ ರಸ್ತೆಯಲ್ಲಿ, ಊರ ಬಾಯಲ್ಲಿ ಎಸ್.ಪಿ. ರೋಡ್. ಪುರಭವನದ ಬಳಿ, ಜೆ.ಸಿ. ರಸ್ತೆಯ ವಾಹನ ಬಿಡಿಭಾಗದ ಅಂಗಡಿಗಳ ನೆರೆಯಲ್ಲಿರುವ ಈ ಇಕ್ಕಟ್ಟು ರಸ್ತೆಗೆ ಬಿಡಿಭಾಗದ ವ್ಯಾಪಾರ ಹೊಸದಲ್ಲ. ಬ್ರ್ಯಾಂಡೆಡ್ ಕಂಪ್ಯೂಟರಿನ ಬೆಲೆ ಕೇಳಿ ಹಿಂಜರಿದವರು ಇಲ್ಲಿಗೆ ಬಂದು 'ಅಸೆಂಬಲ್ಡ್' ಕೊಳ್ಳುತ್ತಿದ್ದರು. ಮೂರು ನಾಲ್ಕು ಅಂಗಡಿಗಳಲ್ಲಿ ಕೊಟೇಶನ್ ಬರೆಸಿಕೊಂಡು ಹೋಲಿಸುವುದು ವಾಡಿಕೆ. ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಹಾರ್ಡ್ ಡಿಸ್ಕ್, ಕ್ಯಾಬಿನೆಟ್, ಮಾನಿಟರ್ ಎಂದು ಚೀಟಿಯಲ್ಲಿ ಸಾಲಾಗಿ ಇಳಿಯುತ್ತಿತ್ತು, ಕೊನೆಗೆ ಯುಪಿಎಸ್. ಕರೆಂಟು ಯಾವಾಗ ಹೋಗುತ್ತದೋ ತಿಳಿಯದ ಊರಿನಲ್ಲಿ ಅದನ್ನು ಬಿಡುವಂತಿರಲಿಲ್ಲ. ಬಿಲ್ ಬೇಕೋ ಬೇಡವೋ ಎಂಬ ಪ್ರಶ್ನೆಯ ಜೊತೆಗೆ ಬೆಲೆಯೂ ಬದಲಾಗುವ ಅಂಗಡಿಗಳಿದ್ದವು. ಬಿಲ್ ಇಲ್ಲದ್ದು ಅಗ್ಗ, ಆದರೆ ವಾರಂಟಿ ಅಂಗಡಿಯವನ ಮಾತಿನ ಮೇಲೆ. 1997ರಲ್ಲಿ ಭಾರತ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸಹಿ ಹಾಕಿ, 2005ರ ಹೊತ್ತಿಗೆ ಕಂಪ್ಯೂಟರ್ ಸಾಮಗ್ರಿಯ ಮೇಲಿನ ಆಮದು ಸುಂಕವನ್ನು ಸೊನ್ನೆಗೆ ತಂದ ಮೇಲೆ ಕಳ್ಳದಾರಿಯ ಮಾಲಿನ ಆಕರ್ಷಣೆ ತಗ್ಗಿತು.

ಚೀಟಿಯಲ್ಲಿ ಇಲ್ಲದ ಒಂದು ಸಾಲೆಂದರೆ ಗ್ರಾಫಿಕ್ಸ್ ಕಾರ್ಡ್. ಮಗನ ಇಂಜಿನಿಯರಿಂಗ್ ಓದಿಗೆಂದು ಕೊಳ್ಳುವ ಯಂತ್ರಕ್ಕೆ ಅದೇಕೆ ಎಂದು ಮನೆಯವರು ಕೇಳಿದರೆ ಉತ್ತರವಿರಲಿಲ್ಲ. ಮದರ್‌ಬೋರ್ಡ್‌ನಲ್ಲೇ ಇರುವ ಆನ್‌ಬೋರ್ಡ್ ಗ್ರಾಫಿಕ್ಸ್ ಸಾಕು ಎಂದು ಅಂಗಡಿಯವನೂ ಹೇಳುತ್ತಿದ್ದ. ಆಗಿನ ಕೆಲವು ಅಗ್ಗದ ಬೋರ್ಡ್‌ಗಳಲ್ಲಿ, ಉದಾಹರಣೆಗೆ ಇಂಟೆಲ್ 845ಜಿಎಲ್ ಚಿಪ್‌ಸೆಟ್ ಇದ್ದವುಗಳಲ್ಲಿ, ಗ್ರಾಫಿಕ್ಸ್ ಕಾರ್ಡ್ ಕೂರಿಸುವ ಎಜಿಪಿ ಸ್ಲಾಟೇ ಇರಲಿಲ್ಲ. ಎರಡು ವರ್ಷ ದುಡ್ಡು ಕೂಡಿಟ್ಟು ಕಾರ್ಡ್ ತಂದ ಹುಡುಗ ಕ್ಯಾಬಿನೆಟ್ ಬಿಚ್ಚಿದಾಗಲೇ ಅದು ತಿಳಿಯುತ್ತಿತ್ತು.

ಇದ್ದುದರಲ್ಲಿ ಒಂದು ಸಲ ಮಾತ್ರ ಕೈಬಿಟ್ಟದ್ದೇ ಲಾಭವಾಯಿತು. 1998ರಲ್ಲಿ ಇಂಟೆಲ್ ಅಗ್ಗದ ಸೆಲೆರಾನ್ ಪ್ರೊಸೆಸರನ್ನು ಎರಡನೇ ಹಂತದ ಕ್ಯಾಶ್ ಮೆಮೊರಿ ಇಲ್ಲದೆಯೇ ತಂದು ಟೀಕೆಗೆ ಗುರಿಯಾಯಿತು. ಆಗಸ್ಟ್‌ನಲ್ಲಿ ಬಂದ ಸೆಲೆರಾನ್ 300ಎ ಚಿಪ್‌ಗೆ 128 ಕೆಬಿ ಕ್ಯಾಶ್ ಕೊಟ್ಟಿತು. ದುಬಾರಿ ಪೆಂಟಿಯಂ 2ರಲ್ಲಿ 512 ಕೆಬಿ ಇತ್ತಾದರೂ ಅದು ಪ್ರೊಸೆಸರಿನ ಅರ್ಧ ವೇಗದಲ್ಲಿ ಓಡುತ್ತಿತ್ತು, ಸೆಲೆರಾನ್‌ನದು ಪೂರ್ಣ ವೇಗದ್ದು. ಬೋರ್ಡ್‌ನ ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ 300ರ ಚಿಪ್ ಸಾಮಾನ್ಯವಾಗಿ 450 ಮೆಗಾಹರ್ಟ್ಸ್‌ನಲ್ಲಿ ನಡೆಯುತ್ತಿತ್ತು. 149 ಡಾಲರಿನ ಚಿಪ್, ಅದರ ನಾಲ್ಕು ಪಟ್ಟಿಗಿಂತ ಹೆಚ್ಚು ಬೆಲೆಯ ಚಿಪ್‌ಗೆ ಆಟಗಳಲ್ಲಿ ಸರಿಸಮ ನಿಂತಿತು. ತಯಾರಕರು ಇಂಥ ಅವಕಾಶವನ್ನು ಮತ್ತೆ ಅಷ್ಟು ಸಲೀಸಾಗಿ ಬಿಟ್ಟುಕೊಡಲಿಲ್ಲ.

ಬದಲಿಗೆ ಬೆಳೆದದ್ದು ಹೆಸರಿನ ಚಮತ್ಕಾರ. 2002ರಲ್ಲಿ ಎನ್‌ವಿಡಿಯಾ ಕಂಪನಿ ತಂದ ಜೀಫೋರ್ಸ್4 ಎಂಎಕ್ಸ್ ಗ್ರಾಫಿಕ್ಸ್ ಕಾರ್ಡ್ ಇದಕ್ಕೆ ಮೊದಲ ದೊಡ್ಡ ಉದಾಹರಣೆ. ಹೆಸರಿನಲ್ಲಿ ನಾಲ್ಕಿದ್ದರೂ, ಹಿಂದಿನ ವರ್ಷದ ಜೀಫೋರ್ಸ್3ರಲ್ಲೇ ಇದ್ದ ಪಿಕ್ಸೆಲ್ ಶೇಡರ್ ಸೌಲಭ್ಯ ಅದರಲ್ಲಿರಲಿಲ್ಲ. ನಮ್ಮಲ್ಲಿ ಹೇರಳವಾಗಿ ಮಾರಾಟವಾದ ಕಾರ್ಡ್ ಅದು. ವೈಸ್ ಸಿಟಿ, ಕೌಂಟರ್ ಸ್ಟ್ರೈಕ್ ಆಡುವವರಿಗೆ ಕೊರತೆ ಕಾಣಲಿಲ್ಲ. 2003ರಲ್ಲಿ ಪ್ರಿನ್ಸ್ ಆಫ್ ಪರ್ಷಿಯಾ ಸರಣಿಯ ಸ್ಯಾಂಡ್ಸ್ ಆಫ್ ಟೈಮ್ ಬಂದಾಗ ಅದು ಎಂಎಕ್ಸ್ ಕಾರ್ಡ್‌ಗಳಿಗೆ ಬೆಂಬಲವೇ ಇಲ್ಲ ಎಂದಿತು. ಎನ್‌ವಿಡಿಯಾ 2018ರಲ್ಲಿ ಜಿಟಿ 1030 ಕಾರ್ಡ್‌ನ ಇನ್ನೊಂದು ಆವೃತ್ತಿಯನ್ನು ಅದೇ ಹೆಸರಿನಲ್ಲಿ ಮಾರಿತು. ಒಳಗಿನ ಮೆಮೊರಿ ಮಾತ್ರ ಜಿಡಿಡಿಆರ್5 ಬದಲು ಡಿಡಿಆರ್4. ಸೆಕೆಂಡಿಗೆ 48 ಜಿಬಿ ಸಾಗಿಸುತ್ತಿದ್ದುದು 17 ಜಿಬಿಗೂ ಕೆಳಗಿಳಿದು ಆಟದ ವೇಗ ಅರ್ಧಕ್ಕೆ ಕುಸಿಯುತ್ತಿತ್ತು. ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಇದು ಇನ್ನೂ ಸೂಕ್ಷ್ಮ. ಆರ್‌ಟಿಎಕ್ಸ್ 4060 ಎಂಬ ಒಂದೇ ಹೆಸರಿನ ಚಿಪ್‌ಗೆ 35ರಿಂದ 115 ವ್ಯಾಟ್‌ವರೆಗೆ ಎಷ್ಟು ಬೇಕಾದರೂ ವಿದ್ಯುತ್ ಕೊಡುವ ಸ್ವಾತಂತ್ರ್ಯ ಲ್ಯಾಪ್‌ಟಾಪ್ ಕಂಪನಿಗಿದೆ, ತೆಳ್ಳಗಿನ ಮಾದರಿಯಲ್ಲಿ ಸಿಗುವುದು ಸಾಮಾನ್ಯವಾಗಿ ಕಡಿಮೆಯೇ.

ಬಡ ಆಟಗಾರನ ಪಕ್ಷಕ್ಕೆ ನಿಂತ ಭಾಗಗಳೂ ಕೆಲವು ಇದ್ದವು. 2014ರ ಜಿಟಿಎಕ್ಸ್ 750 ಟಿಐ ಕಾರ್ಡ್‌ಗೆ 60 ವ್ಯಾಟ್ ಸಾಕು, ಕಂಪ್ಯೂಟರಿಗೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್‌ನಿಂದ ಪ್ರತ್ಯೇಕ ವೈರು ಬೇಡ. ಕಂಪನಿಗಳು ಐದಾರು ವರ್ಷ ಬಳಸಿ ಮಾರಿಬಿಡುವ ಕಚೇರಿ ಕಂಪ್ಯೂಟರ್‌ಗೆ ಇದನ್ನು ಸಿಕ್ಕಿಸಿದರೆ ಆಟದ ಯಂತ್ರ ಸಿದ್ಧ. ಐಟಿ ಕಚೇರಿಗಳೇ ತುಂಬಿರುವ ಬೆಂಗಳೂರಿನಲ್ಲಿ ಇಂಥ ಹಳೆಯ ಯಂತ್ರಗಳಿಗೆ ಕೊರತೆಯಿಲ್ಲ. 2018ರಲ್ಲಿ ಎಎಂಡಿ 99 ಡಾಲರಿಗೆ ತಂದ ರೈಜನ್ 3 2200ಜಿ, ಪ್ರೊಸೆಸರಿನೊಳಗೇ ಆಡಬಹುದಾದಷ್ಟು ಗ್ರಾಫಿಕ್ಸ್ ಕೊಟ್ಟಿತು. ಅದರ ಮಹತ್ವ ತಿಳಿದದ್ದು ಮುಂದೆ ಬಂದ ಗ್ರಾಫಿಕ್ಸ್ ಕಾರ್ಡ್ ಬರಗಾಲದಲ್ಲಿ. 2020ರಲ್ಲಿ ಕೋವಿಡ್‌ನಿಂದ ಶಾಲೆ ಮುಚ್ಚಿ ಆನ್‌ಲೈನ್ ತರಗತಿಗಾಗಿ ಕಂಪ್ಯೂಟರ್ ಕೊಳ್ಳುವವರು ಹೆಚ್ಚಿದರು, ಓದಿನ ಕಾರಣ ಈ ಸಲ ಅಕ್ಷರಶಃ ನಿಜವಾಗಿತ್ತು. ಆದರೆ ಕ್ರಿಪ್ಟೋ ಹಣ ಗಣಿ ಮಾಡುವವರು ಗ್ರಾಫಿಕ್ಸ್ ಕಾರ್ಡ್‌ಗಳನ್ನು ಸಗಟಾಗಿ ಎತ್ತುತ್ತಿದ್ದರು, ಬೆಲೆ ದುಪ್ಪಟ್ಟಾದರೂ ಮಾಲು ಸಿಗುತ್ತಿರಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಈಥೀರಿಯಂ ಎಂಬ ಕ್ರಿಪ್ಟೋ ಹಣ ಗಣಿಗಾರಿಕೆಯೇ ಬೇಡದ ಪದ್ಧತಿಗೆ ಬದಲಾದ ಮೇಲೆ ಗಣಿಯಲ್ಲಿ ದುಡಿದ ಕಾರ್ಡ್‌ಗಳೆಲ್ಲ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಸುರಿದವು.

ಇಷ್ಟೆಲ್ಲ ಏರಿಳಿತದಲ್ಲಿ ಒಂದು ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ. ಕೈಬಿಟ್ಟದ್ದನ್ನು ಆಮೇಲೆ ಸೇರಿಸಲು ಬರುವ ಯಂತ್ರಗಳು ಬಾಳಿದವು, ಬಾರದವು ಬೇಗ ಮೂಲೆ ಸೇರಿದವು. ಡೆಸ್ಕ್‌ಟಾಪ್‌ನಲ್ಲಿ ರ‍್ಯಾಮ್, ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್ ಈ ಮೂರನ್ನೂ ಮುಂದಿನ ಹುಟ್ಟುಹಬ್ಬಕ್ಕೋ ಪರೀಕ್ಷೆಯ ಫಲಿತಾಂಶಕ್ಕೋ ಸೇರಿಸಬಹುದು. ಲ್ಯಾಪ್‌ಟಾಪ್‌ನ ಗ್ರಾಫಿಕ್ಸ್ ಚಿಪ್ ಕೊಂಡ ದಿನ ಇದ್ದದ್ದೇ ಕೊನೆಯವರೆಗೂ. ಕ್ಯಾಬಿನೆಟ್ ಜೊತೆ ಬರುವ ಅಗ್ಗದ ಎಸ್‌ಎಂಪಿಎಸ್ ಮೇಲೆ ಎಷ್ಟು ವ್ಯಾಟ್ ಬರೆದಿದ್ದರೂ ನಂಬುವಂತಿಲ್ಲ, ಅದು ಸುಟ್ಟರೆ ಜೊತೆಗೆ ಬೇರೆ ಭಾಗಗಳನ್ನೂ ಕೊಂಡೊಯ್ಯಬಹುದು. ಹಾಗಾಗಿ ಉಳಿತಾಯ ಮಾಡಬಾರದ ಭಾಗಗಳೆಂದರೆ ಎಸ್‌ಎಂಪಿಎಸ್ ಮತ್ತು ಮದರ್‌ಬೋರ್ಡ್. ಎಎಂಡಿಯ ಎಎಂ4 ಸಾಕೆಟ್ ಇದ್ದ ಬೋರ್ಡನ್ನು 2017ರಲ್ಲಿ ಕೊಂಡು ಅಗ್ಗದ ಪ್ರೊಸೆಸರ್ ಹಾಕಿಸಿದ ಎಷ್ಟೋ ಮನೆಗಳಲ್ಲಿ, 2022ರ ಬಯೋಸ್ ಅಪ್‌ಡೇಟ್ ಆದ ಮೇಲೆ ಅದೇ ಬೋರ್ಡ್‌ಗೆ ರೈಜನ್ 5000 ಸರಣಿಯ ಪ್ರೊಸೆಸರ್ ಕೂರಿಸಲು ಸಾಧ್ಯವಾಯಿತು.